ಪಟ್ಟಿಯಲ್ಲಿಲ್ಲದ ಒಕ್ಕಲು: ಮಿಸಿಸಿಪ್ಪಿ ಡೆಲ್ಟಾದ ಹತ್ತಿ ಸಹಾಯಧನ ಮತ್ತು ಫಲಾನುಭವಿಯ ಪ್ರಶ್ನೆ

1. ಪ್ರಶ್ನೆಯ ಸ್ವರೂಪ

ಸರ್ಕಾರ ಕೃಷಿಗೆ ಕೊಡುವ ಸಹಾಯಧನ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಎರಡು ದಶಕಗಳಿಂದ ಒಂದು ಸಿದ್ಧ ಉತ್ತರವಿದೆ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಮಾಹಿತಿ ಸ್ವಾತಂತ್ರ್ಯದ ಕಾನೂನಿನಡಿ ಕೃಷಿ ಇಲಾಖೆಯಿಂದ ದಾಖಲೆಗಳನ್ನು ಪಡೆದು, 1995ರಿಂದೀಚೆಗೆ ಪ್ರತಿಯೊಂದು ಕೌಂಟಿಯಲ್ಲಿ, ಅಂದರೆ ರಾಜ್ಯದ ಕೆಳಗಿನ ಸ್ಥಳೀಯ ಆಡಳಿತ ಘಟಕದಲ್ಲಿ, ಯಾರ ಹೆಸರಿಗೆ ಎಷ್ಟು ಹಣ ಸಂದಾಯವಾಗಿದೆ ಎಂಬುದನ್ನು ಪಟ್ಟಿ ಮಾಡಿ ಪ್ರಕಟಿಸುತ್ತ ಬಂದಿದೆ. ಹಣ ಪಡೆದವರಲ್ಲಿ ಮೇಲಿನ ಶೇ. 10ರಷ್ಟು ಮಂದಿಗೆ ಬೆಳೆ ಸಹಾಯಧನದ ಮುಕ್ಕಾಲು ಪಾಲಿಗೂ ಹೆಚ್ಚು ಸಂದಿದೆ ಎಂಬ ಅದರ ಲೆಕ್ಕ ಸಂಸತ್ತಿನ ಚರ್ಚೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಸಹಾಯಧನ ದೊಡ್ಡ ಹಿಡುವಳಿಗಳಲ್ಲಿ ಕೇಂದ್ರೀಕೃತವಾಗಿದೆ ಎಂಬ ಮಟ್ಟಿಗೆ ಆ ಲೆಕ್ಕವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಈ ಶೇಕಡಾವಾರಿನ ಛೇದ ಹಣ ಪಡೆದವರ ಒಟ್ಟು ಸಂಖ್ಯೆಯೇ ಹೊರತು ಆ ಕೌಂಟಿಯ ನೆಲದಲ್ಲಿ ದುಡಿಯುವವರ ಸಂಖ್ಯೆಯಲ್ಲ ಎಂಬುದನ್ನು ಗಮನಿಸಬೇಕು. ಹಾಗಾಗಿ ಪಟ್ಟಿಗೆ ಸೇರದವರು ಮತ್ತು ಒಂದು ಕಾಲಕ್ಕೆ ಸೇರಬೇಕಾಗಿದ್ದು ಪಟ್ಟಿ ಸಿದ್ಧವಾಗುವ ವೇಳೆಗೆ ನೆಲವನ್ನೇ ಬಿಟ್ಟುಹೋಗಿದ್ದವರು ಈ ಬಗೆಯ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ಮಿಸಿಸಿಪ್ಪಿ ರಾಜ್ಯದ ವಾಯವ್ಯ ಭಾಗದ ಡೆಲ್ಟಾ ಪ್ರದೇಶದಲ್ಲಿ, ವಿಶೇಷವಾಗಿ ಬೊಲಿವಾರ್ ಮತ್ತು ಸನ್‌ಫ್ಲವರ್ ಎಂಬ ಅಕ್ಕಪಕ್ಕದ ಎರಡು ಗ್ರಾಮೀಣ ಕೌಂಟಿಗಳ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುತ್ತದೆ. 1930ರ ದಶಕದಲ್ಲಿ ಮೆಕ್ಕಲು ಮಣ್ಣಿನ ಈ ಬಯಲಿನಲ್ಲಿ ಕೆಲವೇ ದೊಡ್ಡ ಪ್ಲಾಂಟೇಶನ್‌ಗಳು ಹತ್ತಿಯ ನೆಲದ ಬಹುಪಾಲನ್ನು ಹಿಡಿದಿದ್ದವು. ದುಡಿಯುವವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಪಾಲು ಒಕ್ಕಲುಗಳಾಗಿದ್ದರು. ಪಾಲು ಒಕ್ಕಲು ಎಂದರೆ ನೆಲ, ಮನೆ, ಹೇಸರಗತ್ತೆ, ನೇಗಿಲು, ಬೀಜ ಎಲ್ಲವನ್ನೂ ಭೂಮಾಲೀಕನಿಂದ ಪಡೆದು, ತನ್ನ ಕುಟುಂಬದ ದುಡಿಮೆಯನ್ನಷ್ಟೇ ಹಾಕಿ, ಬೆಳೆಯ ಅರ್ಧವನ್ನು ಕೂಲಿಯ ಬದಲಿಗೆ ಪಡೆಯುವವನು. ಕರ್ನಾಟಕದ ವಾರದ ಬೇಸಾಯವನ್ನು ಇದು ಮೇಲುನೋಟಕ್ಕೆ ಹೋಲುತ್ತದೆಯಾದರೂ ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನು ಪಾಲು ಒಕ್ಕಲನ್ನು ಸಾಮಾನ್ಯವಾಗಿ ಗೇಣಿದಾರನೆಂದು ಪರಿಗಣಿಸದೆ ಬೆಳೆಯ ರೂಪದಲ್ಲಿ ಕೂಲಿ ಪಡೆಯುವ ಆಳೆಂದೇ ಕಾಣುತ್ತಿತ್ತು. ಮುಂದಿನ ವಾದಕ್ಕೆ ಈ ವ್ಯತ್ಯಾಸ ಮುಖ್ಯ.

2. ಈವರೆಗಿನ ಅಧ್ಯಯನಗಳು

1933ರ ಕೃಷಿ ಹೊಂದಾಣಿಕೆ ಕಾಯಿದೆ ಬೆಳೆಯುವ ಪ್ರಮಾಣವನ್ನು ತಗ್ಗಿಸಿ ಬೆಲೆಯನ್ನು ಏರಿಸುವ ಉದ್ದೇಶ ಹೊಂದಿತ್ತು. ಆ ವರ್ಷ ನಿಂತ ಬೆಳೆಯಲ್ಲಿ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತು ಹಾಕಲಾಯಿತು. 1934 ಮತ್ತು 1935ಕ್ಕೆ ಎರಡು ವರ್ಷಗಳ ಕರಾರು ಬಂದಿತು. ಇದರ ಲಾಭ ಭೂಮಾಲೀಕರಿಗೆ ಹೆಚ್ಚಾಗಿ, ಒಕ್ಕಲುಗಳಿಗೆ ಅತ್ಯಲ್ಪವಾಗಿ ಸಂದಿತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇಲ್ಲವೆಂದೇ ಹೇಳಬಹುದು. ಗುನ್ನಾರ್ ಮಿರ್ಡಾಲ್ 1944ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಡೇವಿಡ್ ಕಾನ್ರಾಡ್ 1965ರಲ್ಲಿ ಪ್ರಕಟಿಸಿದ 'ದಿ ಫರ್ಗಾಟನ್ ಫಾರ್ಮರ್ಸ್' ಮತ್ತು ಡೊನಾಲ್ಡ್ ಗ್ರಬ್ಸ್ 1971ರಲ್ಲಿ ಪ್ರಕಟಿಸಿದ 'ಕ್ರೈ ಫ್ರಮ್ ದ ಕಾಟನ್' ಕೃತಿಗಳು ಕರಾರಿನ ಅಸಮ ಹಂಚಿಕೆ, ಅದರ ವಿರುದ್ಧ 1934ರ ಜುಲೈಯಲ್ಲಿ ಅರ್ಕಾನ್ಸಾ ರಾಜ್ಯದ ಟೈರೊನ್ಜಾ ಬಳಿ ಹುಟ್ಟಿದ ಸದರ್ನ್ ಟೆನೆಂಟ್ ಫಾರ್ಮರ್ಸ್ ಯೂನಿಯನ್, ಮತ್ತು 1935ರ ಫೆಬ್ರವರಿಯಲ್ಲಿ ಒಕ್ಕಲುಗಳ ಪರವಾಗಿ ಕರಾರನ್ನು ಅರ್ಥೈಸಿದ, ಕಾಯಿದೆಯನ್ನು ಜಾರಿಗೊಳಿಸುತ್ತಿದ್ದ ಸಂಸ್ಥೆಯ ಕಾನೂನು ವಿಭಾಗದ ಜೆರೋಮ್ ಫ್ರಾಂಕ್ ಮತ್ತು ಅವರ ಸಹೋದ್ಯೋಗಿಗಳ ವಜಾ, ಇವುಗಳನ್ನು ವಿವರವಾಗಿ ದಾಖಲಿಸಿವೆ. ಪೀಟ್ ಡೇನಿಯಲ್ ಮತ್ತು ಜೇಮ್ಸ್ ಕಾಬ್ ಈ ಕಥನವನ್ನು ಯಂತ್ರೀಕರಣದ ಮತ್ತು ಜನಾಂಗೀಯ ಅಧಿಕಾರದ ದೀರ್ಘ ಇತಿಹಾಸಕ್ಕೆ ಜೋಡಿಸಿದರು. ಅರ್ಥಶಾಸ್ತ್ರಜ್ಞರ ಪೈಕಿ ವಾರನ್ ವಾಟ್ಲಿ 1983ರಲ್ಲಿ ಸಹಾಯಧನಕ್ಕೂ ಒಕ್ಕಲುಗಳು ನೆಲ ಕಳೆದುಕೊಂಡದ್ದಕ್ಕೂ ಸಂಬಂಧವಿದೆಯೆಂದು ವಾದಿಸಿದರೆ, ಬ್ರಿಗ್ಸ್ ಡೆಪ್ಯೂ, ಪ್ರೈಸ್ ಫಿಶ್‌ಬ್ಯಾಕ್ ಮತ್ತು ಪಾಲ್ ರೋಡ್ 2013ರಲ್ಲಿ ಕೌಂಟಿ ಮಟ್ಟದ ಅಂಕಿಅಂಶಗಳಿಂದ ಆ ಸಂಬಂಧ ಗಣನೀಯವಾದುದೆಂದು ತೋರಿಸಿದರು.

ಹೀಗಿದ್ದರೂ ಒಂದು ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಭೂಮಾಲೀಕರು ಒಕ್ಕಲುಗಳನ್ನು ಎಬ್ಬಿಸಿದ್ದು ಅವರ ಪಾಲಿನ ಸರ್ಕಾರಿ ಹಣವನ್ನು ತಾವೇ ಇಟ್ಟುಕೊಳ್ಳುವುದಕ್ಕೋ ಅಥವಾ ಬೇರೆ ಕಾರಣಕ್ಕೋ? ಯೂನಿಯನ್ನಿನ ಅಂದಿನ ಆರೋಪಪತ್ರಗಳಿಂದ ಹಿಡಿದು ಕಾನ್ರಾಡ್ ಮತ್ತು ಗ್ರಬ್ಸ್ ಅವರ ಪರಂಪರೆಯ ಬರಹಗಳವರೆಗೆ ಮೊದಲ ಉತ್ತರಕ್ಕೆ ಒತ್ತು ಬಿದ್ದಿದೆ; ಹಂಚಿಕೆ ನ್ಯಾಯಯುತವಾಗಿದ್ದಿದ್ದರೆ ಒಕ್ಕಲುಗಳು ಉಳಿಯುತ್ತಿದ್ದರು ಎಂಬ ಸೂಚನೆಯೂ ಅದರಲ್ಲಿ ಅಡಗಿದೆ. ಕರಾರಿನ ದರಗಳನ್ನು ಹಿಡಿದು ಲೆಕ್ಕ ಹಾಕಿದಾಗ 1934–35ರ ಮಟ್ಟಿಗೆ, ಕನಿಷ್ಠ ಪಾಲು ಒಕ್ಕಲುಗಳ ಮಟ್ಟಿಗೆ, ಈ ಉತ್ತರ ನಿಲ್ಲುವುದು ಕಷ್ಟ ಎಂಬುದು ಈ ಲೇಖನದ ವಾದ.

3. 1934ರ ಕರಾರಿನ ಲೆಕ್ಕ

ಕರಾರಿಗೆ ಸಹಿ ಹಾಕಿದ ಭೂಮಾಲೀಕನಿಗೆ ಎರಡು ಬಗೆಯ ಪಾವತಿಗಳಿದ್ದವು. ಮೊದಲನೆಯದು ಬಾಡಿಗೆ ಪಾವತಿ: ಹತ್ತಿ ಬಿತ್ತದೆ ಬಿಟ್ಟ ನೆಲವನ್ನು ಸರ್ಕಾರ ಬಾಡಿಗೆಗೆ ಪಡೆದಂತೆ ಭಾವಿಸಿ, ಆ ನೆಲದ ಸರಾಸರಿ ಇಳುವರಿಯ ಪ್ರತಿ ಪೌಂಡಿಗೆ ಮೂರೂವರೆ ಸೆಂಟ್ ಕೊಡುತ್ತಿತ್ತು. ಎರಡನೆಯದು ಸಮಬೆಲೆ ಪಾವತಿ: ಮೊದಲ ಮಹಾಯುದ್ಧಕ್ಕೆ ಮುಂಚಿನ ಐದು ವರ್ಷಗಳಲ್ಲಿ ಹತ್ತಿಗಿದ್ದ ಕೊಳ್ಳುವ ಶಕ್ತಿಯನ್ನು ಮಾನದಂಡವಾಗಿಟ್ಟುಕೊಂಡು, ದೇಶದೊಳಗೆ ಬಳಕೆಯಾಗುವುದೆಂದು ಅಂದಾಜಿಸಿದ ಭಾಗದ ಮೇಲೆ, ಅಂದರೆ ಮೂಲ ಉತ್ಪನ್ನದ ಶೇ. 40ರ ಮೇಲೆ, ಪೌಂಡಿಗೆ ಕನಿಷ್ಠ ಒಂದು ಸೆಂಟ್. ಬಾಡಿಗೆ ಪಾವತಿಯಲ್ಲಿ ಪಾಲು ಒಕ್ಕಲಿಗೆ ಏನೂ ಇರಲಿಲ್ಲ. ಸಮಬೆಲೆ ಪಾವತಿಯನ್ನು ಮಾತ್ರ ಬೆಳೆಯ ಪಾಲಿನ ಪ್ರಕಾರ, ಅಂದರೆ ಅರ್ಧರ್ಧ, ಹಂಚಬೇಕಿತ್ತು. ಸ್ವಂತ ಹೇಸರಗತ್ತೆ ಮತ್ತು ಉಪಕರಣಗಳನ್ನಿಟ್ಟುಕೊಂಡು ಬೇಸಾಯವನ್ನು ತಾವೇ ನಿರ್ವಹಿಸುತ್ತಿದ್ದ ಪಾಲು-ಗೇಣಿದಾರರು ಮಾತ್ರ ಬಾಡಿಗೆ ಪಾವತಿಯ ಅರ್ಧಕ್ಕೂ ಹಕ್ಕುದಾರರಾಗಿದ್ದರು.

ಈ ದರಗಳನ್ನು ಕೂಡಿ, ನಾಲ್ಕೂವರೆ ಸೆಂಟಿನಲ್ಲಿ ಭೂಮಾಲೀಕನಿಗೆ ನಾಲ್ಕು, ಪಾಲು ಒಕ್ಕಲಿಗೆ ಅರ್ಧ, ಅಂದರೆ ಎಂಟಕ್ಕೆ ಒಂದು ಎಂದು ಹೇಳುವುದು ರೂಢಿಯಾಗಿದೆ. ಈ ಕೂಡಿಕೆ ಅವಸರದ್ದು. ಏಕೆಂದರೆ ಮೊದಲ ದರ ಬಿತ್ತದೆ ಬಿಟ್ಟ ನೆಲಕ್ಕೆ, ಎರಡನೆಯ ದರ ದೇಶೀಯ ಬಳಕೆಯ ಭಾಗಕ್ಕೆ ಅನ್ವಯಿಸುವುದರಿಂದ ಎರಡನ್ನೂ ಒಂದೇ ಪೌಂಡಿನ ಮೇಲೆ ಹೇರುವಂತಿಲ್ಲ. ಆದರೆ ಬಿತ್ತದೆ ಬಿಡಬೇಕಾದ ಪ್ರಮಾಣವೂ ಶೇ. 40ರ ಆಸುಪಾಸಿನಲ್ಲಿಯೇ, ಅಂದರೆ ಶೇ. 35ರಿಂದ 45ರೊಳಗೆ, ಇದ್ದುದರಿಂದ ಎರಡು ಆಧಾರಗಳೂ ಆಕಸ್ಮಿಕವಾಗಿ ಸರಿಸುಮಾರು ಸಮನಾಗಿ, ರೂಢಿಯ ಅನುಪಾತ 7ರಿಂದ 9ರ ನಡುವೆಯೇ ನಿಲ್ಲುತ್ತದೆ. ಹೀಗಾಗಿ ಅನುಪಾತವನ್ನು ಅದರ ಸಮರ್ಥನೆ ಸಡಿಲವಾಗಿದ್ದರೂ ಒಪ್ಪಬಹುದು.

ಒಂದು ಕಲ್ಪಿತ ಹಿಡುವಳಿಯನ್ನು ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 100 ಎಕರೆ ಹತ್ತಿಯ ನೆಲ, ಎಕರೆಗೆ 200 ಪೌಂಡು ಅರಳೆ, ತಲಾ 20 ಎಕರೆ ಮಾಡುವ ಐದು ಪಾಲು ಒಕ್ಕಲು ಕುಟುಂಬಗಳು ಎಂದಿಟ್ಟುಕೊಳ್ಳಲಾಗಿದೆ. 1932ರಲ್ಲಿ ಹತ್ತಿಯ ಬೆಲೆ ಪೌಂಡಿಗೆ ಸುಮಾರು ಆರೂವರೆ ಸೆಂಟ್ ಇದ್ದುದರಿಂದ ಒಟ್ಟು ಬೆಳೆಯ ಮೌಲ್ಯ 1,300 ಡಾಲರ್. ಭೂಮಾಲೀಕನಿಗೆ 650, ಐದು ಕುಟುಂಬಗಳಿಗೆ ಒಟ್ಟು 650, ಅಂದರೆ ಕುಟುಂಬಕ್ಕೆ 130 ಡಾಲರ್. 1934ರಲ್ಲಿ 40 ಎಕರೆ ಪಾಳು ಬಿಟ್ಟು 60 ಎಕರೆ ಬಿತ್ತಿ, ಬೆಲೆ ಸುಮಾರು 12 ಸೆಂಟಿಗೆ ಏರಿದಾಗ ಬೆಳೆಯ ಮೌಲ್ಯ 1,440 ಡಾಲರ್. ಬಾಡಿಗೆ ಪಾವತಿ 280 ಡಾಲರ್, ಸಮಬೆಲೆ ಪಾವತಿ 80 ಡಾಲರ್. ಭೂಮಾಲೀಕನಿಗೆ ಒಟ್ಟು 1,040 ಡಾಲರ್, ಒಕ್ಕಲುಗಳಿಗೆ ಒಟ್ಟು 760 ಡಾಲರ್ ಬರುತ್ತದೆ. ಮೊದಲಿನವನ ಆದಾಯ ಶೇ. 60ರಷ್ಟು, ಎರಡನೆಯವರದು ಶೇ. 17ರಷ್ಟು ಏರುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಒಕ್ಕಲಿನ ಲಾಭದಲ್ಲಿ ಸರ್ಕಾರಿ ಪಾವತಿಯ ಪಾಲು 40 ಡಾಲರ್ ಮಾತ್ರ; ಉಳಿದ 70 ಡಾಲರ್ ಬೆಲೆ ಏರಿಕೆಯಿಂದ ಬಂದದ್ದು. ಬೆಲೆ ಏರಿಕೆಯ ಶ್ರೇಯಸ್ಸನ್ನು ಪೂರ್ತಿಯಾಗಿ ಕಾಯಿದೆಗೆ ಕೊಡುವಂತಿಲ್ಲ; ಡಾಲರಿನ ಅಪಮೌಲ್ಯ, ಸರ್ಕಾರಿ ಬೆಂಬಲದ ಸಾಲ, 1934ರ ಬರಗಾಲ ಎಲ್ಲವೂ ಅದರಲ್ಲಿ ಸೇರಿವೆ. ಎರಡನೆಯದಾಗಿ, ಅರವತ್ತು ಎಕರೆಗೆ ಐದು ಕುಟುಂಬಗಳು ಬೇಕಿಲ್ಲ, ಹಿಂದಿನ ಪ್ರಮಾಣದಲ್ಲಿ ಮೂರು ಸಾಕು. ಐದೂ ಉಳಿದರೆ ಕುಟುಂಬಕ್ಕೆ 152 ಡಾಲರ್. ಮೂರೇ ಉಳಿದರೆ ಕುಟುಂಬಕ್ಕೆ 253 ಡಾಲರ್, ಇನ್ನೆರಡಕ್ಕೆ ಏನೂ ಇಲ್ಲ. ಉಳಿದವರ ಸರಾಸರಿಯನ್ನು ನೋಡುವ ಯಾವ ಅಧ್ಯಯನಕ್ಕೂ ಎರಡನೆಯ ಪರಿಸ್ಥಿತಿಯೇ ಹೆಚ್ಚು ಸಮೃದ್ಧವಾಗಿ ತೋರುತ್ತದೆ. ಹೊರಬಿದ್ದವರ ಸಂಖ್ಯೆ ಏರಿದಷ್ಟೂ ಉಳಿದವರ ಸರಾಸರಿ ಏರುತ್ತದೆ. ಕರಾರಿನ ಏಳನೆಯ ಕಲಮು ಒಕ್ಕಲುಗಳ ಸಂಖ್ಯೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಕಾಯ್ದುಕೊಳ್ಳಬೇಕೆಂದು ಹೇಳಿತ್ತು. ಆದರೆ ಹಳೆಯ ಕುಟುಂಬಗಳನ್ನೇ ಉಳಿಸಿಕೊಳ್ಳಬೇಕೋ ಅಥವಾ ಸಂಖ್ಯೆ ಸರಿಯಾಗಿದ್ದರೆ ಸಾಕೋ ಎಂಬುದನ್ನು ಅದು ಬಿಡಿಸಿ ಹೇಳಿರಲಿಲ್ಲ. ಹಳೆಯ ಕುಟುಂಬಗಳನ್ನೇ ಉಳಿಸಬೇಕೆಂದು ಅರ್ಥೈಸಿದ ಕಾನೂನು ವಿಭಾಗದವರು ಕೆಲಸ ಕಳೆದುಕೊಂಡರು. ಆ ಸಂಸ್ಥೆಯ ಆಡಳಿತಾಧಿಕಾರಿ ಚೆಸ್ಟರ್ ಡೇವಿಸ್ ಆ ಅರ್ಥವನ್ನು ತಳ್ಳಿಹಾಕಿದರು.

4. ಪಾವತಿಯ ಪಾಲೇ ಕಾರಣವಾಗಿತ್ತೆ?

ಮೇಲಿನ ಹಿಡುವಳಿಯಲ್ಲಿ ಭೂಮಾಲೀಕ ಪಾಲು ಒಕ್ಕಲುಗಳನ್ನು ತೆಗೆದು ದಿನಗೂಲಿಯವರಿಂದ ಬೇಸಾಯ ಮಾಡಿಸಿದರೆ, ಸರ್ಕಾರಿ ಪಾವತಿಯ ಮಟ್ಟಿಗೆ ಅವನಿಗೆ ಹೆಚ್ಚಾಗಿ ಸಿಗುವುದು ಒಕ್ಕಲುಗಳ 40 ಡಾಲರ್. ಬಿತ್ತಿದ ಪ್ರತಿ ಎಕರೆಗೆ ಇದು 67 ಸೆಂಟ್ ಆಗುತ್ತದೆ. ಆದರೆ ಅದೇ ಬದಲಾವಣೆಯಿಂದ ಅವನು ಬೆಳೆಯ ಅರ್ಧವನ್ನೂ ಹಂಚಿಕೊಳ್ಳಬೇಕಿಲ್ಲ. ಆ ಅರ್ಧದ ಮೌಲ್ಯ 1932ರಲ್ಲಿ ಎಕರೆಗೆ ಆರೂವರೆ ಡಾಲರ್ ಇದ್ದದ್ದು 1934ರಲ್ಲಿ 12 ಡಾಲರ್ ಆಯಿತು. ಬೆಲೆ ಏರಿಕೆಯಿಂದ ಹುಟ್ಟಿದ ಈ ಐದೂವರೆ ಡಾಲರಿನ ಪ್ರೇರಣೆ ಪಾವತಿಯಿಂದ ಹುಟ್ಟಿದ ಪ್ರೇರಣೆಯ ಎಂಟು ಪಟ್ಟು. ಇನ್ನು 40 ಎಕರೆಗೆ ದುಡಿಮೆಯೇ ಬೇಡವಾದದ್ದು ಮೂರನೆಯ ಪ್ರೇರಣೆ. ಬೇಡದ ಕುಟುಂಬಕ್ಕೆ ಚಳಿಗಾಲದಿಂದ ಸುಗ್ಗಿಯವರೆಗೆ ಪ್ಲಾಂಟೇಶನ್ ಅಂಗಡಿಯಿಂದ ದಿನಸಿಯನ್ನು ಮುಂಗಡವಾಗಿ ಕೊಡುವ ವೆಚ್ಚವೂ ಇದರಲ್ಲಿ ಸೇರುತ್ತದೆ. ಹಾಗಾಗಿ 1934–35ರಲ್ಲಿ ಪಾಲು ಒಕ್ಕಲುಗಳನ್ನು ಹೊರದೂಡಿದ ಒತ್ತಡ ಪ್ರಧಾನವಾಗಿ ಎಕರೆಯ ಕಡಿತ ಮತ್ತು ಬೆಲೆಯ ಏರಿಕೆಯಿಂದ ಬಂದಿತೇ ಹೊರತು ಪಾವತಿಯ ಪಾಲನ್ನು ಕಬಳಿಸುವ ಆಸೆಯಿಂದಲ್ಲ ಎಂಬ ತೀರ್ಮಾನ ಹೆಚ್ಚು ಸಂಭವನೀಯ. ಪಾವತಿಯ ಪಾಲು ಅಷ್ಟು ಚಿಕ್ಕದಾಗಿದ್ದುದೇ ಇದಕ್ಕೆ ಕಾರಣ. ಅನ್ಯಾಯದ ಹಂಚಿಕೆ ಒಕ್ಕಲನ್ನು ಬಡವನನ್ನಾಗಿ ಮಾಡಿತು. ಆದರೆ ಅವನನ್ನು ಎಬ್ಬಿಸುವುದಕ್ಕೆ ಅದು ಮುಖ್ಯ ಪ್ರೇರಣೆಯಾಗಲಾರದಾಗಿತ್ತು.

ಈ ತೀರ್ಮಾನಕ್ಕೆ ಕೆಲವು ಮಿತಿಗಳನ್ನು ಹಾಕುವುದು ಅಗತ್ಯ. ಒಂದು, ದಿನಗೂಲಿಯ ದರವೂ ಬೆಲೆಯ ಜೊತೆ ಏರಿದ್ದರೆ ಬೆಲೆಯ ಪ್ರೇರಣೆ ಆ ಮಟ್ಟಿಗೆ ತಗ್ಗುತ್ತದೆ. ಎರಡು, ಹತ್ತಿ ಬಿಡಿಸುವ ಕೆಲಸ ಇನ್ನೂ ಕೈಯಿಂದಲೇ ನಡೆಯುತ್ತಿದ್ದು, ಆ ಕೆಲವು ವಾರಗಳಿಗೆ ಬೇಕಾದ ಆಳುಗಳನ್ನು ವರ್ಷವಿಡೀ ನೆಲಕ್ಕೆ ಕಟ್ಟಿಹಾಕುವುದಕ್ಕೆ ಪಾಲಿನ ಪದ್ಧತಿಯೇ ಅನುಕೂಲವಾಗಿತ್ತು. ಕೊಯ್ಲು ಯಂತ್ರಗಳ ಸಾರ್ವಜನಿಕ ಪ್ರದರ್ಶನ ಡೆಲ್ಟಾದ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ಪ್ಲಾಂಟೇಶನ್ನಿನಲ್ಲಿ ನಡೆದದ್ದು 1944ರಲ್ಲಿ. ಮೂರು, ಒಕ್ಕಲಿನ 40 ಡಾಲರ್ ಕಾಗದದ ಮೇಲೆ ಅವನದಾದರೂ ಅಂಗಡಿಯ ಸಾಲದ ಲೆಕ್ಕಕ್ಕೆ ಜಮೆಯಾಗಿ ಭೂಮಾಲೀಕನ ಕೈಯಲ್ಲೇ ಉಳಿಯುವ ಸಾಧ್ಯತೆ ಬಹಳವಿತ್ತು. ಹಾಗಿದ್ದಲ್ಲಿ ಅದನ್ನು ಪಡೆಯಲು ಒಕ್ಕಲನ್ನು ಎಬ್ಬಿಸಬೇಕಾದ ಅಗತ್ಯವೇ ಇರಲಿಲ್ಲ ಎಂಬುದರಿಂದ ಈ ಅಂಶ ಪ್ರಸ್ತುತ ವಾದವನ್ನು ಬಲಪಡಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ನಾಲ್ಕು, ಮತ್ತು ಇದು ಎಲ್ಲಕ್ಕಿಂತ ಮುಖ್ಯ, ಸ್ವಂತ ಉಪಕರಣಗಳಿದ್ದ ಪಾಲು-ಗೇಣಿದಾರರ ವಿಷಯದಲ್ಲಿ ಹಳೆಯ ವಿವರಣೆಯೇ ಸರಿ. ಅವರಿಗೆ ಮೇಲಿನ ಲೆಕ್ಕದಲ್ಲಿ ಬಾಡಿಗೆ ಪಾವತಿಯಿಂದಲೇ 140 ಡಾಲರ್ ಸಲ್ಲುತ್ತಿತ್ತು. ಅವರನ್ನು ಪಾಲು ಒಕ್ಕಲೆಂದು ಕಾಗದದಲ್ಲಿ ಬದಲಿಸಿಬಿಟ್ಟರೆ ಒಬ್ಬರನ್ನೂ ಎಬ್ಬಿಸದೆ ಆ ಹಣ ಭೂಮಾಲೀಕನದಾಗುತ್ತಿತ್ತು. ಕಪ್ಪು ಜನಾಂಗದ ಪಾಲು-ಗೇಣಿದಾರರ ಸಂಖ್ಯೆ ಸಹಾಯಧನದ ಪರಿಣಾಮವಾಗಿ ಇಳಿಯಿತೆಂಬ ಡೆಪ್ಯೂ ಮತ್ತು ಸಂಗಡಿಗರ ಫಲಿತಾಂಶವನ್ನು ಈ ಬೆಳಕಿನಲ್ಲಿ ಓದಬಹುದು. ಒಕ್ಕಲುತನದ ಎರಡು ಸ್ತರಗಳನ್ನು ಒಂದೇ ಕಾರಣದಿಂದ ವಿವರಿಸಲು ಹೊರಟದ್ದೇ ಹಿಂದಿನ ಚರ್ಚೆಯ ತೊಡಕಾಗಿತ್ತೆಂದು ತೋರುತ್ತದೆ.

ಪಾವತಿಯ ಪ್ರೇರಣೆ ನಿಜವಾಗಿಯೂ ಬೆಳೆದದ್ದು ಆನಂತರ. 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬಟ್ಲರ್ ಪ್ರಕರಣದಲ್ಲಿ ಮೂಲ ಕಾಯಿದೆಯನ್ನು ಅಸಿಂಧುಗೊಳಿಸಿದ ಮೇಲೆ ಅದೇ ವರ್ಷ ಮಣ್ಣು ಸಂರಕ್ಷಣೆಯ ಹೆಸರಿನಲ್ಲಿ ಹೊಸ ಕಾಯಿದೆ ಬಂದಿತು. ಟೀಕೆಗಳಿಗೆ ಸ್ಪಂದಿಸಿದ ಇಲಾಖೆ ಪಾವತಿಯ ಶೇ. 37.5ನ್ನು ನೆಲ ಒದಗಿಸಿದವನಿಗೂ, ಶೇ. 12.5ನ್ನು ಗೇಯುವ ಪ್ರಾಣಿ ಮತ್ತು ಉಪಕರಣ ಒದಗಿಸಿದವನಿಗೂ, ಉಳಿದ ಅರ್ಧವನ್ನು ಬೆಳೆಯ ಪಾಲಿನ ಪ್ರಕಾರವೂ ಹಂಚಬೇಕೆಂದು ವಿಧಿಸಿತು. ಇದರಿಂದ ಪಾಲು ಒಕ್ಕಲಿನ ಭಾಗ ಒಂಬತ್ತರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದಕ್ಕೆ ಏರಿತು. 1938ರ ಕಾಯಿದೆಯ ನಂತರ ಪಾವತಿಯನ್ನು ಬೆಳೆಯ ಪಾಲಿನ ಪ್ರಕಾರವೇ ಹಂಚುವ ಕ್ರಮ ಬಂದು ಅದು ಅರ್ಧಕ್ಕೆ ಸಮೀಪಿಸಿತು. ಪಾವತಿಯ ಮೊತ್ತ ಅಷ್ಟೇ ಇತ್ತೆಂದು ಭಾವಿಸಿದರೆ, ಅದೇ ಕಲ್ಪಿತ ಹಿಡುವಳಿಯಲ್ಲಿ ಒಕ್ಕಲುಗಳ ಭಾಗ 40 ಡಾಲರಿನಿಂದ 90ಕ್ಕೆ, ಅಲ್ಲಿಂದ 180ಕ್ಕೆ ಏರುತ್ತದೆ. ಒಕ್ಕಲಿಗೆ ಇದು ನ್ಯಾಯ. ಆದರೆ ಒಕ್ಕಲನ್ನು ತೆಗೆದುಹಾಕಿದರೆ ಭೂಮಾಲೀಕನಿಗೆ ಉಳಿಯುವ ಮೊತ್ತವೂ ಅದೇ ಪ್ರಮಾಣದಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ. ಇತ್ತ 1937ರಲ್ಲಿ ಹತ್ತಿಯ ಬೆಲೆ ಮತ್ತೆ ಕುಸಿದದ್ದರಿಂದ ಬೆಲೆಯ ಪ್ರೇರಣೆ ಕುಗ್ಗಿ, ಪಾವತಿಯ ಪ್ರೇರಣೆ ಅದರ ಜಾಗಕ್ಕೆ ಬಂದಿತು.

ಜನಗಣತಿಯ ಸಂಖ್ಯೆಗಳು ಈ ಕ್ರಮಕ್ಕೆ ಹೊಂದುತ್ತವೆ. ದಕ್ಷಿಣ ರಾಜ್ಯಗಳಲ್ಲಿ ಪಾಲು ಒಕ್ಕಲುಗಳ ಸಂಖ್ಯೆ 1930ರಲ್ಲಿ ಸುಮಾರು 7,76,000 ಇದ್ದು, 1935ರಲ್ಲಿ 7,16,000ಕ್ಕೆ, 1940ರಲ್ಲಿ 5,41,000ಕ್ಕೆ ಇಳಿಯಿತು. ಮೊದಲ ಐದು ವರ್ಷಗಳಲ್ಲಿ 60,000, ಎರಡನೆಯ ಐದು ವರ್ಷಗಳಲ್ಲಿ ಅದರ ಸುಮಾರು ಮೂರು ಪಟ್ಟು. ಹಂಚಿಕೆ ಅತಿ ಅನ್ಯಾಯವಾಗಿದ್ದಾಗ ಇಳಿತ ಕಡಿಮೆ; ಹಂಚಿಕೆ ಸುಧಾರಿಸಿದ ಮೇಲೆ ಹೆಚ್ಚು. ಒಕ್ಕಲಿನ ಪಾಲನ್ನು ಹೆಚ್ಚಿಸಿದ ಸುಧಾರಣೆ, ಅವನಿಗೆ ನೆಲದ ಮೇಲೆ ಯಾವ ಭದ್ರತೆಯನ್ನೂ ಕೊಡದೆ ಇದ್ದುದರಿಂದ, ಅವನನ್ನು ಎಬ್ಬಿಸುವ ಪ್ರೇರಣೆಯನ್ನೇ ಹೆಚ್ಚಿಸಿತು ಎಂಬುದು ಈ ಲೇಖನ ಮುಂದಿಡುವ ವಾದ.

ಈ ವಾದವನ್ನು ಅದರ ತಕ್ಕ ಅಳತೆಯಲ್ಲಿಯೇ ಓದಬೇಕು. 1935ರ ಗಣತಿ ಆ ವರ್ಷದ ಆರಂಭದಲ್ಲಿ ನಡೆದುದರಿಂದ ಅದರೊಳಗೆ ಕಾಯಿದೆಯ ಎರಡೇ ಬೇಸಾಯ ವರ್ಷಗಳು ಬರುತ್ತವೆ. ಮೇಲಾಗಿ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಪಟ್ಟಣಗಳಿಂದ ಹಳ್ಳಿಗೆ ಮರಳಿದವರು ಆ ಸಂಖ್ಯೆಯನ್ನು ಸ್ವಲ್ಪ ಉಬ್ಬಿಸಿರಬಹುದು. 1937 ಮತ್ತು 1938ರ ನಡುವೆ ದೇಶದ ಹತ್ತಿ ಕೊಯ್ಲಿನ ವಿಸ್ತೀರ್ಣ ಸುಮಾರು 3.4 ಕೋಟಿ ಎಕರೆಯಿಂದ 2.4 ಕೋಟಿ ಎಕರೆಗೆ ಇಳಿದದ್ದು ಪಾವತಿಯ ಹಂಚಿಕೆಗೆ ಸಂಬಂಧವಿಲ್ಲದೆಯೇ ಅನೇಕ ಕುಟುಂಬಗಳನ್ನು ಬೇಡವಾಗಿಸಿತು. ಅದೇ ಅವಧಿಯಲ್ಲಿ ಟ್ರ್ಯಾಕ್ಟರುಗಳೂ ಹೆಚ್ಚಿದವು, ಮತ್ತು ಅವುಗಳನ್ನು ಕೊಳ್ಳುವ ನಗದು ಭಾಗಶಃ ಸಹಾಯಧನದಿಂದಲೇ ಬಂದದ್ದು. ಆದ್ದರಿಂದ ಇಳಿತದ ಎಷ್ಟು ಭಾಗ ಪಾವತಿಯ ಹಂಚಿಕೆಗೆ ಸಲ್ಲುತ್ತದೆ ಎಂಬುದನ್ನು ಒಟ್ಟು ಸಂಖ್ಯೆಗಳಿಂದ ಬಿಡಿಸಿ ಹೇಳಲಾಗದು. ಪ್ರೇರಣೆಗಳ ಕ್ರಮವನ್ನಷ್ಟೇ ಅವು ಬೆಂಬಲಿಸುತ್ತವೆ.

5. 'ವ್ಯಕ್ತಿ'ಯ ಕಾನೂನು

ಇದೇ ತರ್ಕ ಮುಂದಿನ ದಶಕಗಳಲ್ಲಿ ಬೇರೆ ರೂಪ ಪಡೆಯಿತು. ಬೊಲಿವಾರ್ ಕೌಂಟಿಯ ಸ್ಕಾಟ್ ಎಂಬಲ್ಲಿ ಕೇಂದ್ರವಿದ್ದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿ ಬ್ರಿಟಿಷ್ ನೂಲು ಉದ್ಯಮಿಗಳ ಒಡೆತನದಲ್ಲಿತ್ತು. ಅದರ ಅಧ್ಯಕ್ಷ ಆಸ್ಕರ್ ಜಾನ್‌ಸ್ಟನ್ ಸಹಾಯಧನ ಇಲಾಖೆಯಲ್ಲಿಯೂ ಹಣಕಾಸಿನ ಉನ್ನತ ಹುದ್ದೆಯಲ್ಲಿದ್ದರು. 1936ರಲ್ಲಿ ಸೆನೆಟರ್ ಆರ್ಥರ್ ವಾಂಡೆನ್‌ಬರ್ಗ್ ದೊಡ್ಡ ಪಾವತಿಗಳ ವಿವರ ಬಹಿರಂಗಪಡಿಸಬೇಕೆಂದು ಒತ್ತಾಯಿಸಿದಾಗ ಇಂಥ ಕಂಪನಿಗಳೇ ಚರ್ಚೆಯ ಕೇಂದ್ರವಾದವು. ಮೂರು ದಶಕಗಳ ನಂತರ ಸನ್‌ಫ್ಲವರ್ ಕೌಂಟಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಕುಟುಂಬದ ಪ್ಲಾಂಟೇಶನ್ನಿಗೆ 1967ರಲ್ಲಿ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು ಪಾವತಿ ಸಂದದ್ದು ರಾಷ್ಟ್ರೀಯ ವಿವಾದವಾಯಿತು. ಅದೇ ಕೌಂಟಿಯ ರೂಲ್‌ವಿಲ್ ಬಳಿ ಪ್ಲಾಂಟೇಶನ್ನೊಂದರಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ 1962ರಲ್ಲಿ ಮತದಾರರ ನೋಂದಣಿಗೆ ಯತ್ನಿಸಿದ ದಿನವೇ ಮನೆ ಬಿಡಬೇಕಾಗಿ ಬಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಭದ್ರತೆಯಿಲ್ಲದ ಒಕ್ಕಲುತನದ ಅರ್ಥ ತಿಳಿಯುತ್ತದೆ. ಅವರು 1969ರಲ್ಲಿ ಆರಂಭಿಸಿದ ಫ್ರೀಡಂ ಫಾರ್ಮ್ ಸಹಕಾರ ಸಂಸ್ಥೆಯ ಮುಖ್ಯ ಗುರಿಗಳಲ್ಲೊಂದು ನೆಲ ಕೊಳ್ಳುವುದಾಗಿತ್ತು.

1970ರ ಕಾಯಿದೆ ಒಬ್ಬ ವ್ಯಕ್ತಿಗೆ ಒಂದು ಬೆಳೆಗೆ 55,000 ಡಾಲರಿನ ಮಿತಿ ಹಾಕಿತು. 1973ರಲ್ಲಿ ಅದು ಒಟ್ಟು 20,000ಕ್ಕೆ ಇಳಿಯಿತು. ಅಂದಿನಿಂದ ಚರ್ಚೆಯೆಲ್ಲ ಯಾರು 'ವ್ಯಕ್ತಿ' ಎಂಬುದರ ಸುತ್ತ ನಡೆದಿದೆ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಯಲ್ಲಿ ಪ್ರತಿಯೊಬ್ಬ ಪಾಲುದಾರನಿಗೂ ಪ್ರತ್ಯೇಕ ಮಿತಿ ದೊರೆಯುವುದರಿಂದ ಒಂದು ಹಿಡುವಳಿಯನ್ನು ಹಲವು ವ್ಯಕ್ತಿಗಳಾಗಿ ವಿಂಗಡಿಸುವುದು ಲಾಭಕರವಾಯಿತು. 1987ರಲ್ಲಿ ಒಬ್ಬನು ಮೂರಕ್ಕಿಂತ ಹೆಚ್ಚು ಸಂಸ್ಥೆಗಳ ಮೂಲಕ ಹಣ ಪಡೆಯಬಾರದೆಂದೂ, ಬೇಸಾಯದಲ್ಲಿ ಸಕ್ರಿಯವಾಗಿ ತೊಡಗಿರಬೇಕೆಂದೂ ನಿಯಮವಾಯಿತು. 2008ರಲ್ಲಿ ಮೂರು ಸಂಸ್ಥೆಗಳ ನಿಯಮದ ಬದಲು ಪ್ರತಿ ಪಾವತಿಯನ್ನೂ ಅಂತಿಮವಾಗಿ ಒಬ್ಬ ಮನುಷ್ಯನಿಗೆ ಜೋಡಿಸುವ ಕ್ರಮ ಬಂದಿತು. 2018ರಲ್ಲಿ ಕುಟುಂಬದ ವ್ಯಾಖ್ಯೆ ಅಣ್ಣತಮ್ಮಂದಿರ ಮಕ್ಕಳವರೆಗೆ, ಸೋದರ ಸಂಬಂಧಿಗಳವರೆಗೆ ವಿಸ್ತರಿಸಿತು. 2014ರಿಂದ 1,25,000 ಡಾಲರ್ ಇದ್ದ ಮಿತಿಯನ್ನು 2025ರ ಕಾಯಿದೆ 1,55,000ಕ್ಕೆ ಏರಿಸಿತು. ಮಿತಿ ಏರಿದರೂ ಇಳಿದರೂ ಪಾವತಿಯ ಆಧಾರ ಹಿಂದಿನ ವರ್ಷಗಳ ಬೆಳೆ ವಿಸ್ತೀರ್ಣ ಮತ್ತು ಇಳುವರಿಯೇ ಆಗಿರುವುದರಿಂದ, ಹಣ ನೆಲವನ್ನು ಹಿಂಬಾಲಿಸುತ್ತದೆ. ಮನುಷ್ಯರನ್ನು ಎಷ್ಟು ಮಂದಿ ಎಂದು ಎಣಿಸುವುದಷ್ಟೇ ಬದಲಾಗುತ್ತದೆ. 1934ರಲ್ಲಿ ಪಾಲುದಾರರ ಸಂಖ್ಯೆಯನ್ನು ಕಡಿಮೆ ಮಾಡುವುದು ಭೂಮಾಲೀಕನಿಗೆ ಲಾಭವಾಗಿದ್ದರೆ, 1970ರ ನಂತರ ಕಾಗದದ ಮೇಲಿನ ಪಾಲುದಾರರ ಸಂಖ್ಯೆಯನ್ನು ಹೆಚ್ಚಿಸುವುದು ಲಾಭವಾಯಿತು. ಎರಡೂ ಸಂದರ್ಭಗಳಲ್ಲಿ ಫಲಾನುಭವಿಯನ್ನು ನಿರ್ಧರಿಸಿದ್ದು ನಿಯಮಕ್ಕೆ ತಕ್ಕಂತೆ ಹಿಡುವಳಿಯನ್ನು ಮರುರಚಿಸಬಲ್ಲ ಭೂಮಾಲೀಕನ ಶಕ್ತಿ.

ಸಹಾಯಧನದ ಪ್ರತಿ ಡಾಲರಿನಲ್ಲಿ ಸುಮಾರು 25 ಸೆಂಟ್ ಮಾತ್ರ ಗೇಣಿಯ ಏರಿಕೆಯ ಮೂಲಕ ಭೂಮಾಲೀಕನಿಗೆ ಸೇರುತ್ತದೆ, ಉಳಿದದ್ದು ಗೇಣಿದಾರನಲ್ಲೇ ಉಳಿಯುತ್ತದೆ ಎಂದು ಬ್ಯಾರೆಟ್ ಕಿರ್ವಾನ್ 2009ರಲ್ಲಿ ತೋರಿಸಿದ್ದು, ಇಡೀ ಲಾಭ ನೆಲದ ಒಡೆಯನಿಗೇ ಸೇರುತ್ತದೆಂಬ ಹಳೆಯ ನಂಬಿಕೆಗೆ ಮುಖ್ಯ ಸವಾಲು. ಆದರೆ ಆ ಲೆಕ್ಕವೂ ಗೇಣಿಯಲ್ಲಿ ಉಳಿದವರ ನಡುವಿನ ಹಂಚಿಕೆಯದು; ಉಳಿದ ಗೇಣಿದಾರ ಯಾರು, ಎಷ್ಟು ದೊಡ್ಡವನು ಎಂಬ ಪ್ರಶ್ನೆ ಅದರ ವ್ಯಾಪ್ತಿಯ ಹೊರಗಿದೆ.

6. ಕರ್ನಾಟಕಕ್ಕೆ ಅನ್ವಯ

ಕರ್ನಾಟಕದ ಅನುಭವ ಇದಕ್ಕೆ ಸಮಾನವಲ್ಲದಿದ್ದರೂ ಸಂಬಂಧವಿಲ್ಲದ್ದೂ ಅಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಜಮೀನನ್ನು ಸರ್ಕಾರದಲ್ಲಿ ನಿಹಿತಗೊಳಿಸಿ, ಭೂ ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಹಕ್ಕು ಕೊಡುವ ದಾರಿ ತೆರೆಯಿತು. ಡೆಲ್ಟಾದ ಒಕ್ಕಲಿಗೆ ಎಂದೂ ಸಿಗದ ಭದ್ರತೆ ಇದು. ಅದೇ ಕಾನೂನು ಹೊಸ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದ್ದರಿಂದ ಇಂದು ವಾರಕ್ಕೋ ಗುತ್ತಿಗೆಗೋ ಮಾಡುವವರ ಒಪ್ಪಂದ ಬಾಯಿಮಾತಿನದು; ಪಹಣಿಯಲ್ಲಿ ಅವರ ಹೆಸರಿಲ್ಲ. 2019ರಲ್ಲಿ ಆರಂಭವಾಗಿ ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ-ಕಿಸಾನ್ ಯೋಜನೆ ಜಮೀನಿನ ದಾಖಲೆಯನ್ನೇ ಆಧರಿಸಿರುವುದರಿಂದ ಇವರು ಅದರ ಹೊರಗಿದ್ದಾರೆ. ಇಂಥವರನ್ನು ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಭದ್ರತೆಯಿಲ್ಲದೆ ಪಾಲನ್ನಷ್ಟೇ ಕೊಟ್ಟರೆ ಮಾಲೀಕರು ಹಳೆಯ ವಾರದವರನ್ನು ಬಿಡಿಸಿ ಹೊಸಬರನ್ನು ಹುಡುಕಬಹುದು ಅಥವಾ ಕೂಲಿಗೆ ಇಳಿಸಬಹುದು ಎಂಬ ಎಚ್ಚರಿಕೆಯನ್ನು ಡೆಲ್ಟಾದ ಇತಿಹಾಸ ಸೂಚಿಸುತ್ತದೆ.

7. ಉಪಸಂಹಾರ

ಸಹಾಯಧನ ಯಾರಿಗೆ ಎಂಬ ಪ್ರಶ್ನೆಗೆ ಪಾವತಿಯ ಪಟ್ಟಿ ಅಗತ್ಯವಾದ ಆದರೆ ಅಪೂರ್ಣವಾದ ಉತ್ತರ. ಡೆಲ್ಟಾದಲ್ಲಿ ಎಕರೆಯ ಕಡಿತ, ಬೆಲೆ, ಪಾವತಿಯ ಹಂಚಿಕೆ ಎಂಬ ಮೂರು ಒತ್ತಡಗಳನ್ನು ಪ್ರತ್ಯೇಕಿಸಿದಾಗ, 1934–35ರಲ್ಲಿ ಪಾಲು ಒಕ್ಕಲುಗಳ ವಿಷಯದಲ್ಲಿ ಮೊದಲ ಎರಡು, 1936ರ ನಂತರ ಮೂರನೆಯದು ಪ್ರಧಾನವಾಗಿದ್ದಿರಬಹುದು. ಪಾಲು-ಗೇಣಿದಾರರ ವಿಷಯದಲ್ಲಿ ಮೂರನೆಯದು ಮೊದಲಿನಿಂದಲೇ ಇತ್ತು. ಈ ಕ್ರಮವನ್ನು ಪರೀಕ್ಷಿಸುವುದಕ್ಕೆ ಕೌಂಟಿವಾರು ಕೂಲಿ ದರಗಳೂ, ಪ್ಲಾಂಟೇಶನ್ ಅಂಗಡಿಗಳ ಲೆಕ್ಕದ ಪುಸ್ತಕಗಳೂ, ಒಂದೇ ಕುಟುಂಬವನ್ನು ಒಂದು ವರ್ಷ ಗೇಣಿದಾರನೆಂದೂ ಮರುವರ್ಷ ಪಾಲು ಒಕ್ಕಲೆಂದೂ ನಮೂದಿಸಿದ ಕರಾರುಗಳೂ ಒಟ್ಟಾಗಿ ಪರಿಶೀಲನೆಗೆ ಒಳಗಾಗಬೇಕು. ಟ್ರ್ಯಾಕ್ಟರು ಒಕ್ಕಲನ್ನು ಹೊರದೂಡಿತೋ ಅಥವಾ ಒಕ್ಕಲು ಹೋದ ಮೇಲೆ ಟ್ರ್ಯಾಕ್ಟರು ಬಂದಿತೋ ಎಂಬ ಹಳೆಯ ವಿವಾದಕ್ಕೂ ಇದು ಸಂಬಂಧಿಸಿದೆ. ಈ ಲೇಖನ ಅದನ್ನು ಬಗೆಹರಿಸಿಲ್ಲ. ಪಾವತಿಯ ಸೂತ್ರವನ್ನು ಒಕ್ಕಲುತನದ ಕಾನೂನಿನಿಂದ ಬೇರ್ಪಡಿಸಿ ಅಳೆಯುವ ಅಧ್ಯಯನಗಳು ಸಹಾಯಧನದ ಪರಿಣಾಮವನ್ನು ಅರ್ಧಂಬರ್ಧವಾಗಿ ಅಳೆಯುತ್ತವೆ ಎಂಬಷ್ಟನ್ನು ಮಾತ್ರ ಇಲ್ಲಿನ ಲೆಕ್ಕ ಸ್ಥಾಪಿಸುತ್ತದೆ.